ಆಟದ ಮನೆಗೆ ಬಂದ ರಣಕಹಳೆ

ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿ ಬೀವರ್‌ಟನ್ ಎಂಬುದೊಂದು ಊರು. ಅಲ್ಲಿಯ ಪ್ರೌಢಶಾಲೆಯ ಕೊನೆಯ ವರ್ಷದ ತರಗತಿಯಲ್ಲಿ ಗಣಿತದ ಪಾಠ ನಡೆದಿದೆ. ಝ್ಯಾಕ್ ಲೈಟ್‌ಮನ್ ಎಂಬ ಹದಿನೆಂಟರ ಹುಡುಗ ಪಾಠದ ಕಡೆ ಕಿವಿಗೊಡದೆ ಕಿಟಕಿಯಾಚೆಯ ಆಕಾಶವನ್ನು ನೋಡುತ್ತ ಕುಳಿತಿದ್ದಾನೆ. ಆಗ ಬಾನಂಚಿನಲ್ಲಿ ಏನೋ ಮಿಂಚಿದಂತಾಗುತ್ತದೆ. ನೋಡುನೋಡುತ್ತಿರುವಂತೆಯೇ ಅದು ಹತ್ತಿರಕ್ಕೆ ಸರಿಯುತ್ತದೆ, ಫಕ್ಕನೆ ನಿಲ್ಲುತ್ತದೆ, ಮರುಕ್ಷಣವೇ ಮತ್ತೊಂದು ದಿಕ್ಕಿಗೆ ಹಾರುತ್ತದೆ. ಹಾರುವ ತಟ್ಟೆ! ಆದರೆ ಹುಡುಗನ ಎದೆ ನಡುಗಿದುದು ಹಾರುವ ತಟ್ಟೆಯನ್ನು ಕಂಡುದಕ್ಕಲ್ಲ, ಅದು ತನಗೆ ಚಿರಪರಿಚಿತವಾಗಿದ್ದುದಕ್ಕೆ. ಪ್ರತಿ ರಾತ್ರಿಯೂ ತನ್ನ ಕೋಣೆಯಲ್ಲಿ ಕುಳಿತು, ವಿಡಿಯೊ ಆಟದ ತೆರೆಯ ಮೇಲೆ ಅವನು ಗುರಿಯಿಟ್ಟು ಹೊಡೆದು ಕೆಡಹುತ್ತಿದ್ದ ಶತ್ರುನೌಕೆಯೇ ಅದು!

ಅರ್ನೆಸ್ಟ್ ಕ್ಲೈನ್ ಎಂಬ ಅಮೆರಿಕನ್ ಲೇಖಕರು 2015ರಲ್ಲಿ ಪ್ರಕಟಿಸಿದ ‘ಆರ್ಮಾಡ’ ಎಂಬ ವೈಜ್ಞಾನಿಕ ಕಾದಂಬರಿ ಆರಂಭವಾಗುವುದು ಹೀಗೆ. ಆರ್ಮಾಡ ಎಂದರೆ ಸ್ಪೇನಿನವರ ಮಾತಿನಲ್ಲಿ ಯುದ್ಧನೌಕೆಗಳ ದಂಡು. 1588ರಲ್ಲಿ ಇಂಗ್ಲೆಂಡಿನ ಮೇಲೆ ಏರಿಹೋಗಿ ಸೋತು ಚೆದುರಿದ ನೌಕಾಬಲದ ಹೆಸರು ಅದೇ ಎಂಬುದನ್ನು ಇತಿಹಾಸ ಓದಿದವರು ಬಲ್ಲರು. ಕ್ಲೈನರು ಇದಕ್ಕೆ ಮೊದಲು, 2011ರಲ್ಲಿ, ‘ರೆಡಿ ಪ್ಲೇಯರ್ ಒನ್’ ಎಂಬ ಕಾದಂಬರಿಯಿಂದ ಪ್ರಸಿದ್ಧಿಗೆ ಬಂದವರು. ಅದನ್ನು ಸ್ಟೀವನ್ ಸ್ಪೀಲ್‌ಬರ್ಗರು 2018ರಲ್ಲಿ ಚಲನಚಿತ್ರವಾಗಿಸಿದರು. ಮೊದಲ ಪುಸ್ತಕಕ್ಕೆ ಸಿಕ್ಕ ಮೆಚ್ಚುಗೆ ಎರಡನೆಯದಕ್ಕೆ ಸಿಕ್ಕಲಿಲ್ಲ. ವಿಮರ್ಶಕರು ಅದನ್ನು ಸಾಕಷ್ಟು ಹಳಿದರು. ಹಾಗಿದ್ದೂ ಅದನ್ನು ಕುರಿತು ಇಲ್ಲಿ ಬರೆಯಲು ಕಾರಣವಿಲ್ಲದೆ ಇಲ್ಲ.

ಇಂದು ಮಕ್ಕಳಿರುವ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಕೇಳಿಬರುವ ಮಾತು ಒಂದೇ: “ಆ ಹಾಳು ಆಟ ಬಿಟ್ಟು ಎದ್ದು ಬರಬಾರದೇನೋ?” ಅದಕ್ಕೆ ಉತ್ತರವೂ ಒಂದೇ: “ಇನ್ನು ಐದೇ ನಿಮಿಷ, ಅಮ್ಮ.” ಆ ಐದು ನಿಮಿಷ ಐವತ್ತಾಗುವುದೂ, ಸಾರು ಆರಿ ತಣ್ಣಗಾಗುವುದೂ ನಿತ್ಯದ ಕಥೆ. ಆಟದ ಕೈಪಿಡಿಯನ್ನು ಹಿಡಿದು ಕುಳಿತ ಮಗನನ್ನು ಕಂಡು, ಇವನ ಈ ಚುರುಕು ಯಾವ ಉಪಯೋಗಕ್ಕೆ ಬಂದೀತು ಎಂದು ನಿಟ್ಟುಸಿರು ಬಿಡದ ತಾಯ್ತಂದೆಯರು ವಿರಳ. ಕ್ಲೈನರ ಕಾದಂಬರಿ ಈ ನಿಟ್ಟುಸಿರಿಗೆ ಕೊಟ್ಟ ಉತ್ತರವೆಂದೇ ಹೇಳಬಹುದು. ಆ ಉತ್ತರ ಮಕ್ಕಳಿಗೆ ಅತ್ಯಂತ ಹಿತವಾದದ್ದು; ಹಿರಿಯರಿಗೆ ಕಳವಳ ತರುವಂಥದು.

ತಂದೆಯ ಟಿಪ್ಪಣಿಪುಸ್ತಕ

ಝ್ಯಾಕ್ ಹಸುಗೂಸಾಗಿದ್ದಾಗಲೇ ಅವನ ತಂದೆ ಜೇವಿಯರ್, ಕೆಲಸ ಮಾಡುತ್ತಿದ್ದ ಕೊಳಚೆ ನೀರಿನ ಶುದ್ಧೀಕರಣ ಸ್ಥಾವರದಲ್ಲಿ ನಡೆದ ಸ್ಫೋಟವೊಂದರಲ್ಲಿ ತೀರಿಕೊಂಡನೆಂದು ಎಲ್ಲರೂ ನಂಬಿದ್ದಾರೆ. ತಾಯಿ ಆಸ್ಪತ್ರೆಯಲ್ಲಿ ದಾದಿ. ಮರುಮದುವೆಯಾಗದೆ ಮಗನನ್ನು ಸಾಕಿ ಬೆಳೆಸಿದವಳು. ಮನೆಯ ಅಟ್ಟದ ಮೇಲೆ ತಂದೆಯ ಪೆಟ್ಟಿಗೆಗಳಿವೆ. ಅವುಗಳಲ್ಲಿ ಹಳೆಯ ಆಟಗಳು, ಹಳೆಯ ಚಲನಚಿತ್ರಗಳ ಸುರುಳಿಪೆಟ್ಟಿಗೆಗಳು, ಬಟ್ಟೆಯ ಬಿಲ್ಲೆಗಳನ್ನು ಮೈತುಂಬ ಹೊಲಿದ ಒಂದು ಮೇಲಂಗಿ. ಈ ಬಿಲ್ಲೆಗಳು ಲೇಖಕರ ಕಲ್ಪನೆಯಲ್ಲ. 1980ರ ದಶಕದ ಆರಂಭದಲ್ಲಿ ಆಕ್ಟಿವಿಷನ್ ಎಂಬ ಕಂಪೆನಿ, ತನ್ನ ಆಟಗಳಲ್ಲಿ ಗೊತ್ತಾದಷ್ಟು ಅಂಕ ಗಳಿಸಿ, ಟೆಲಿವಿಷನ್ ತೆರೆಯ ಛಾಯಾಚಿತ್ರ ತೆಗೆದು ಅಂಚೆಯಲ್ಲಿ ಕಳಿಸಿದವರಿಗೆ ಇಂಥ ಬಿಲ್ಲೆಗಳನ್ನು ನಿಜವಾಗಿಯೂ ಕಳಿಸಿಕೊಡುತ್ತಿತ್ತು. ನಮ್ಮಲ್ಲಿ ಓಟದ ಪಂದ್ಯದಲ್ಲಿ ಗೆದ್ದ ಪದಕಗಳನ್ನು ಗೋಡೆಗೆ ತೂಗುಹಾಕುವಂತೆ ಅಲ್ಲಿಯ ಹುಡುಗರು ಅವನ್ನು ಅಂಗಿಗೆ ಹೊಲಿದುಕೊಂಡು ಮೆರೆದರು.

ಪೆಟ್ಟಿಗೆಯ ತಳದಲ್ಲಿ ಒಂದು ಟಿಪ್ಪಣಿಪುಸ್ತಕವೂ ಇದೆ. ಆಕಾಶಯುದ್ಧದ ಚಿತ್ರಗಳೂ ಆಟಗಳೂ ಕಳೆದ ಕೆಲವು ದಶಕಗಳಲ್ಲಿ ಹೀಗೆ ಪ್ರವಾಹದಂತೆ ಹರಿದುಬಂದುದು ಆಕಸ್ಮಿಕವಲ್ಲ. ಸರ್ಕಾರದವರೂ ಸೇನೆಯವರೂ ಗುಟ್ಟಾಗಿ ಸೇರಿ ಜನರನ್ನು ಯಾವುದೋ ಮಹಾಸಮರಕ್ಕೆ ಅಣಿಗೊಳಿಸುತ್ತಿದ್ದಾರೆ ಎಂದು ತಂದೆ ಅದರಲ್ಲಿ ವರ್ಷವಾರು ಪಟ್ಟಿ ಮಾಡಿದ್ದಾನೆ. ಮಗನು ಬಾಲ್ಯದಲ್ಲಿ ಅದನ್ನು ಓದಿ, ತನ್ನ ತಂದೆಗೆ ತಲೆ ಕೆಟ್ಟಿತ್ತೆಂದು ತೀರ್ಮಾನಿಸಿ, ಆ ನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಾನೆ. ಈಗ ಕಿಟಕಿಯಾಚೆ ಹಾರುವ ತಟ್ಟೆಯನ್ನು ಕಂಡಾಗ ಅವನ ಮೊದಲ ಹೆದರಿಕೆ ಭೂಮಿಗೆ ಗಂಡಾಂತರ ಬಂದಿತೆಂಬುದಲ್ಲ. ತಂದೆಯ ಹುಚ್ಚು ತನಗೂ ಬಂದಿತೇ ಎಂಬುದು. ಕಾದಂಬರಿಯ ಅತ್ಯುತ್ತಮ ಭಾಗ ಇದೇ ಎಂದು ನನ್ನ ಅಭಿಪ್ರಾಯ.

ಮುಂದಿನದು ವೇಗವಾಗಿ ಸಾಗುತ್ತದೆ. ಶಾಲೆಯ ಅಂಗಳಕ್ಕೇ ಒಂದು ನೌಕೆ ಬಂದು ಇಳಿಯುತ್ತದೆ. ಅದರಿಂದ ಕೆಳಗಿಳಿದವನು ಬೇರೆ ಯಾರೂ ಅಲ್ಲ, ಝ್ಯಾಕ್ ಬಿಡುವಿನಲ್ಲಿ ಕೆಲಸ ಮಾಡುವ ಆಟಗಳ ಅಂಗಡಿಯ ಯಜಮಾನ! ಗುಟ್ಟು ಹೊರಬೀಳುತ್ತದೆ. ‘ಆರ್ಮಾಡ’ ಎಂಬ ಆಟ ಆಟವಲ್ಲ. ಭೂರಕ್ಷಣಾ ಸೇನೆಯೊಂದು ಲೋಕದ ಮೂಲೆಮೂಲೆಯ ಯುವಕರಿಗೆ ಅವರ ಅರಿವಿಗೆ ಬಾರದಂತೆ ಕೊಟ್ಟ ತರಬೇತಿ. ಶತ್ರು ಗುರುಗ್ರಹದ ಉಪಗ್ರಹವಾದ ಯೂರೋಪದಲ್ಲಿದ್ದಾನೆ. 1970ರ ದಶಕದಲ್ಲಿ ಅಲ್ಲಿಗೆ ಹೋದ ಶೋಧನೌಕೆಯ ಕಣ್ಣಿಗೆ, ಆ ಹಿಮದ ನೆಲದ ಮೇಲೆ ಬೃಹದಾಕಾರದ ಸ್ವಸ್ತಿಕದ ಗುರುತೊಂದು ಬಿತ್ತಂತೆ. ನಾವು ಹೊಸ್ತಿಲ ಮೇಲೆ ಮಂಗಳಕ್ಕೆಂದು ಬರೆಯುವ ಚಿಹ್ನೆ ಪಶ್ಚಿಮದವರಿಗೆ ಹಿಟ್ಲರನ ನಾಜಿಗಳ ಬಾವುಟವನ್ನು ನೆನಪಿಗೆ ತರುತ್ತದೆ. ಅಲ್ಲಿಂದಲೇ ಅಪನಂಬಿಕೆ, ಅಲ್ಲಿಂದಲೇ ಯುದ್ಧಸಿದ್ಧತೆ.

ಜಗತ್ತಿನ ಆಟಗಾರರಲ್ಲಿ ಆರನೆಯ ಸ್ಥಾನದಲ್ಲಿರುವ ಝ್ಯಾಕ್‌ನನ್ನು ಚಂದ್ರನ ಮೇಲಿರುವ ಗುಪ್ತನೆಲೆಗೆ ಕರೆದೊಯ್ಯುತ್ತಾರೆ. ಅಲ್ಲಿ ಅವನನ್ನು ಎದುರುಗೊಳ್ಳುವ ಸೇನಾಧಿಕಾರಿ, ಸತ್ತನೆಂದು ನಂಬಿದ್ದ ಅವನ ತಂದೆಯೇ! ಇಷ್ಟು ವರ್ಷ ಹೆಂಡತಿ ಮಗನನ್ನು ತೊರೆದು, ತಾನು ಸತ್ತೆನೆಂಬ ಸುಳ್ಳನ್ನು ಸುದ್ದಿಯಾಗಲು ಬಿಟ್ಟು ಚಂದ್ರನಲ್ಲಿದ್ದವನನ್ನು ಮಗ ಹೇಗೆ ಕಾಣಬೇಕು? ಅಪ್ಪಿಕೊಳ್ಳಬೇಕೇ, ಕೆನ್ನೆಗೆ ಬಾರಿಸಬೇಕೇ? ಇಲ್ಲಿ ಕ್ಲೈನರು ಇನ್ನಷ್ಟು ನಿಲ್ಲಬಹುದಾಗಿತ್ತು. ಆದರೆ ಅವರಿಗೆ ಕಾಳಗದ ಆತುರ.

ಕುರ್ಚಿಯ ಮೇಲಿನ ವೀರರು

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಅಂತಃಪುರದ ಹೆಂಗಳೆಯರ ನಡುವೆ ಕುಳಿತು ಕೌರವಸೇನೆಯನ್ನು ತರಿದೆಸೆಯುವ ಮಾತನಾಡಿದ ಉತ್ತರಕುಮಾರ, ನಿಜವಾದ ದಂಡನ್ನು ಕಂಡಾಗ ರಥದಿಂದ ಧುಮುಕಿ ಓಡಿದ. ಮನೆಯ ಒಳಗಿನ ಪರಾಕ್ರಮಕ್ಕೂ ರಣರಂಗದ ಪರಾಕ್ರಮಕ್ಕೂ ಅಷ್ಟು ಅಂತರ. ಕ್ಲೈನರ ಕಥೆಯ ಚಮತ್ಕಾರವಿರುವುದು ಈ ಅಂತರವನ್ನು ಅಳಿಸಿಹಾಕುವುದರಲ್ಲಿ. ಅಲ್ಲಿಯ ಯುದ್ಧನೌಕೆಗಳೊಳಗೆ ಮನುಷ್ಯರೇ ಇಲ್ಲ. ಚಾಲಕರು ದೂರದಲ್ಲಿ, ಸುಖವಾದ ಕುರ್ಚಿಯಲ್ಲಿ ಕುಳಿತು, ತಮಗೆ ಅಭ್ಯಾಸವಾದ ಅದೇ ಕೈಪಿಡಿಗಳಿಂದ ನೌಕೆಗಳನ್ನು ನಡೆಸುತ್ತಾರೆ. ಕೊನೆಗೆ ಶತ್ರುವಿನ ದಂಡು ಭೂಮಿಯನ್ನು ಮುತ್ತಿದಾಗ, ಸರ್ಕಾರಗಳು ಗುಟ್ಟು ಬಿಟ್ಟುಕೊಟ್ಟು, ಲೋಕದ ಎಲ್ಲ ಆಟಗಾರರಿಗೂ ಕರೆ ಕೊಡುತ್ತವೆ. ಅವರವರ ಮನೆಯ ಕೋಣೆಯಿಂದಲೇ ಅವರು ಕಾದುತ್ತಾರೆ. ಒಲೆಯ ಮುಂದಿನ ಪೌರುಷವೇ ಇಲ್ಲಿ ರಣಪೌರುಷ!

ಈ ಕಲ್ಪನೆ ಹೊಸದೇನಲ್ಲ. 1984ರಲ್ಲಿ ತೆರೆಕಂಡ ‘ದಿ ಲಾಸ್ಟ್ ಸ್ಟಾರ್‌ಫೈಟರ್’ ಎಂಬ ಚಲನಚಿತ್ರದಲ್ಲಿ, ಬಡವರ ಬಡಾವಣೆಯ ಹುಡುಗನೊಬ್ಬ ಅಂಗಡಿಯ ಮುಂದಿನ ಆಟದ ಯಂತ್ರದಲ್ಲಿ ದಾಖಲೆಯ ಅಂಕ ಗಳಿಸುತ್ತಾನೆ. ಆ ಯಂತ್ರ ಬೇರೊಂದು ಲೋಕದವರು ಯೋಧರನ್ನು ಹುಡುಕಲು ಇಟ್ಟ ಪರೀಕ್ಷೆಯಾಗಿರುತ್ತದೆ. ನೌಕೆಗಳ ದೃಶ್ಯಗಳನ್ನು ಮಾದರಿಗೊಂಬೆಗಳಿಂದಲ್ಲದೆ ಗಣಕಯಂತ್ರದಿಂದಲೇ ಬರೆಸಿ ತೋರಿಸಿದ ಮೊದಮೊದಲ ಚಿತ್ರಗಳಲ್ಲಿ ಅದೂ ಒಂದು. ಝ್ಯಾಕ್‌ನಿಗೂ ಈ ಹೋಲಿಕೆ ಹೊಳೆಯದೆ ಇಲ್ಲ. ತಾನು ಹಳೆಯ ಸಿನಿಮಾ ಕಥೆಯೊಳಗೆ ಸಿಕ್ಕಿಬಿದ್ದಂತಿದೆಯಲ್ಲ ಎಂದು ಅವನೇ ಬೆರಗಾಗುತ್ತಾನೆ. ಕಳವಿನ ಮಾಲನ್ನು ಅಂಗಡಿಯ ಮುಂಗಟ್ಟಿನಲ್ಲೇ ಇಟ್ಟು ಮಾರುವ ಈ ಧೈರ್ಯಕ್ಕೆ ನಗುವುದೋ ಮೆಚ್ಚುವುದೋ ತಿಳಿಯದು.

ಆರು ವರ್ಷದ ಸೇನಾಪತಿ

ಇದಕ್ಕಿಂತ ಗಂಭೀರವಾದ ಪೂರ್ವಜ ಇನ್ನೊಂದಿದೆ. ಆರ್ಸನ್ ಸ್ಕಾಟ್ ಕಾರ್ಡ್ ಎಂಬ ಲೇಖಕರು 1977ರಲ್ಲಿ ‘ಅನಲಾಗ್’ ಎಂಬ ಮಾಸಪತ್ರಿಕೆಯಲ್ಲಿ ‘ಎಂಡರ್ಸ್ ಗೇಮ್’ ಎಂಬ ನೀಳ್ಗತೆ ಬರೆದರು. 1985ರಲ್ಲಿ ಅದನ್ನೇ ಕಾದಂಬರಿಯಾಗಿ ಬೆಳೆಸಿದರು. ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಮೀಸಲಾದ ನೆಬ್ಯುಲ, ಹ್ಯೂಗೊ ಎಂಬ ಎರಡೂ ದೊಡ್ಡ ಬಹುಮಾನಗಳು ಅದಕ್ಕೆ ಬಂದವು. 2013ರಲ್ಲಿ ಚಲನಚಿತ್ರವೂ ಆಯಿತು.

ಎಂಡರ್ ಆರು ವರ್ಷದ ಬಾಲಕ. ಕೀಟಗಳನ್ನು ಹೋಲುವ ಅನ್ಯಗ್ರಹದ ಜೀವಿಗಳು ಹಿಂದೆ ಎರಡು ಬಾರಿ ಭೂಮಿಯ ಮೇಲೆ ದಂಡೆತ್ತಿ ಬಂದಿದ್ದವು. ಮೂರನೆಯ ಬಾರಿಯ ಯುದ್ಧಕ್ಕೆ ಸೇನಾಪತಿಯನ್ನು ಸಿದ್ಧಪಡಿಸಬೇಕಾಗಿದೆ. ಹಿರಿಯರ ಲೆಕ್ಕಾಚಾರವೇನೆಂದರೆ, ಬೆಳೆದವನ ಮನಸ್ಸು ಅಳುಕುತ್ತದೆ, ಮಗುವಿನ ಬುದ್ಧಿ ಮಾತ್ರ ಅಳುಕದೆ ಗೆಲ್ಲುವ ದಾರಿಯನ್ನೇ ಹುಡುಕುತ್ತದೆ ಎಂದು. ಆಕಾಶದಲ್ಲಿ ತೇಲುವ ಯುದ್ಧಶಾಲೆಗೆ ಅವನನ್ನು ಒಯ್ದು, ಆಟದ ಮೇಲೆ ಆಟವಾಡಿಸಿ, ಗೆಳೆಯರಿಂದ ಬೇರ್ಪಡಿಸಿ, ನಿದ್ದೆಗೆಡಿಸಿ ಹದಮಾಡುತ್ತಾರೆ. ಕಟ್ಟಕಡೆಗೆ ಒಂದು ದಿನ ಅವನಿಗೆ ಅಂತಿಮ ಪರೀಕ್ಷೆ. ತೆರೆಯ ಮೇಲೆ ಶತ್ರುವಿನ ಗ್ರಹ. ಅದರ ಸುತ್ತ ಎಣಿಕೆಗೆ ನಿಲುಕದಷ್ಟು ನೌಕೆಗಳು. ದಣಿದು, ಬೇಸತ್ತು, ಇಂಥ ಅನ್ಯಾಯದ ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಹೋದರೂ ಸರಿಯೆಂದುಕೊಂಡ ಬಾಲಕ, ಆಟದ ಎಲ್ಲ ನಿಯಮಗಳನ್ನೂ ಮುರಿದು ಗ್ರಹವನ್ನೇ ಸಿಡಿಸಿಬಿಡುತ್ತಾನೆ. ಹಿಂದಿರುಗಿ ನೋಡಿದರೆ, ಹಿರಿಯರು ಬಿಕ್ಕಿಬಿಕ್ಕಿ ಅಳುತ್ತಿದ್ದಾರೆ, ಒಬ್ಬರನ್ನೊಬ್ಬರು ಅಪ್ಪುತ್ತಿದ್ದಾರೆ. ಅದು ಪರೀಕ್ಷೆಯಾಗಿರಲಿಲ್ಲ. ತೆರೆಯ ಮೇಲೆ ನಡೆದುದೆಲ್ಲವೂ ದೂರದಲ್ಲಿ ನಿಜವಾಗಿ ನಡೆದುದು. ಒಂದು ಜೀವಕುಲವನ್ನೇ ಮಗುವೊಂದು ಆಟವೆಂದುಕೊಂಡು ಅಳಿಸಿಹಾಕಿತ್ತು.

ಈ ಪುಟಗಳನ್ನು ಓದಿ ಮುಗಿಸಿದ ರಾತ್ರಿ ನನಗೆ ಬೇಗ ನಿದ್ದೆ ಹತ್ತಲಿಲ್ಲ. ಅಮೆರಿಕದ ನೌಕಾಸೇನೆಯ ಭೂದಳದವರು, ಎಂದರೆ ಮರೀನರು, ತಮ್ಮ ಯೋಧರು ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ್ದರು. ನಾಯಕತ್ವದ ಪಾಠ ಇದರಲ್ಲಿದೆಯೆಂದು ಅವರ ಮತವಿರಬಹುದು. ನನಗೆ ಕಂಡುದು, ಮಗುವಿನ ನಂಬಿಕೆಯನ್ನು ಆಯುಧವಾಗಿಸಿಕೊಂಡ ಹಿರಿಯರ ಕಥೆ. ಕಾರ್ಡರೂ ಅಲ್ಲಿಗೇ ಬಿಡಲಿಲ್ಲ. 1986ರಲ್ಲಿ ಬಂದ ಮುಂದಿನ ಕಾದಂಬರಿಯಲ್ಲಿ ಎಂಡರ್ ತಾನು ಕೊಂದವರ ಪರವಾಗಿ ಮಾತನಾಡುತ್ತ ಲೋಕದಿಂದ ಲೋಕಕ್ಕೆ ಅಲೆಯುತ್ತಾನೆ.

ಆಕ್ಟೋಪಸ್ ಏಕೆ ಬಂತು?

ಅನ್ಯಗ್ರಹದವರನ್ನು ಆಟದ ತೆರೆಗೆ ಮೊದಲು ತಂದು ಲೋಕಪ್ರಸಿದ್ಧರಾದವರು ಜಪಾನಿನ ತೊಮೊಹಿರೊ ನಿಷಿಕಾಡೊ. ತೈತೊ ಕಂಪೆನಿಯಲ್ಲಿ ಇಂಜಿನಿಯರಾಗಿದ್ದ ಇವರು 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟವನ್ನು ರಚಿಸಿದರು. ಯಂತ್ರದ ವಿನ್ಯಾಸ, ಚಿತ್ರ, ಕ್ರಮವಿಧಿ ಎಲ್ಲವೂ ಅವರೊಬ್ಬರದೇ ಕೆಲಸ. ಮೊದಲು ಅವರ ಮನಸ್ಸಿನಲ್ಲಿದ್ದ ಶತ್ರುಗಳು ಟ್ಯಾಂಕುಗಳು, ವಿಮಾನಗಳು. ಅವುಗಳ ಚಲನೆ ತೆರೆಯ ಮೇಲೆ ಸರಿಹೊಂದಲಿಲ್ಲ. ಮನುಷ್ಯಾಕೃತಿಯ ಸೈನಿಕರು ಚೆನ್ನಾಗಿ ಚಲಿಸಿದರು. ಆದರೆ ಮನುಷ್ಯರನ್ನು ಗುಂಡಿಟ್ಟು ಕೊಲ್ಲುವುದು ಆಟವಾಗಬಾರದೆಂದು ಆ ಯೋಚನೆಯನ್ನು ಕೈಬಿಟ್ಟರು. ಹಾಗಾದರೆ ಯಾರನ್ನು ಹೊಡೆಯಬೇಕು? ಆಗ ಅವರಿಗೆ ನೆನಪಾದುದು ಎಚ್. ಜಿ. ವೆಲ್ಸರ ಕಥೆಯ ಮಂಗಳಗ್ರಹವಾಸಿಗಳು, ಆಕ್ಟೋಪಸ್ಸಿನ ಆಕಾರದ ಆ ವಿಕಾರ ಪ್ರಾಣಿಗಳು. ಹಾಗೆ ಆಕ್ಟೋಪಸ್, ಏಡಿ, ಕಣವೆಮೀನುಗಳ ರೂಪದ 55 ಜೀವಿಗಳು ಐದು ಸಾಲಾಗಿ ನಿಂತು ಕೆಳಗಿಳಿದುಬಂದವು.

ಶತ್ರುಗಳು ಸತ್ತು ಕಡಿಮೆಯಾದಂತೆಲ್ಲ ಉಳಿದವರ ವೇಗ ಹೆಚ್ಚುತ್ತ ಹೋಗುವುದು ಈ ಆಟದ ಪ್ರಾಣ. ಮೊದಲು ಇದನ್ನು ಯಾರೂ ಯೋಜಿಸಿರಲಿಲ್ಲ. ಅಂದಿನ ಗಣಕಯಂತ್ರದ ಶಕ್ತಿ ಸ್ವಲ್ಪ. 55 ಚಿತ್ರಗಳನ್ನು ಬರೆಯಲು ಅದು ಏದುಸಿರು ಬಿಡುತ್ತಿತ್ತು. ಚಿತ್ರಗಳು ಕಡಿಮೆಯಾದಂತೆ ಹಗುರಾಗಿ ಓಡುತ್ತಿತ್ತು. ಯಂತ್ರದ ಈ ದೌರ್ಬಲ್ಯದಲ್ಲಿ ನಿಷಿಕಾಡೊ ಆಟದ ರೋಮಾಂಚವನ್ನು ಕಂಡು ಅದನ್ನು ಹಾಗೆಯೇ ಉಳಿಸಿಕೊಂಡರು. ಜಪಾನಿನ ಜನ ಈ ಆಟಕ್ಕೆ ಹುಚ್ಚೆದ್ದು ನಾಣ್ಯ ಸುರಿದರು. ದೇಶದಲ್ಲಿ ನೂರು ಯೆನ್ನಿನ ನಾಣ್ಯಕ್ಕೇ ಬರ ಬಂದಿತೆಂಬ ದಂತಕಥೆಯೂ ಹಬ್ಬಿತು, ಅದು ನಿಜವಲ್ಲ.

ವೆಲ್ಸರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1897ರಲ್ಲಿ ಇಂಗ್ಲೆಂಡಿನ ಸಚಿತ್ರ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, ಮರುವರ್ಷ ಪುಸ್ತಕವಾಯಿತು. ಧಾರಾವಾಹಿಯ ಮುಂದಿನ ಕಂತಿಗಾಗಿ ಕಾಯುವ ಸುಖವನ್ನು ಬಲ್ಲ ನಮ್ಮ ವಾಚಕರಿಗೆ ಅಂದಿನ ಓದುಗರ ತವಕವನ್ನು ಬಣ್ಣಿಸಬೇಕಾಗಿಲ್ಲ. ವೆಲ್ಸರು ಮಂಗಳದ ಜೀವಿಗಳ ಕ್ರೌರ್ಯವನ್ನು ವರ್ಣಿಸುವ ಮುನ್ನ, ಟಾಸ್ಮೇನಿಯದ ಮೂಲನಿವಾಸಿಗಳನ್ನು ಯೂರೋಪಿನಿಂದ ಹೋಗಿ ನೆಲೆಸಿದವರು ಹೇಗೆ ನಿರ್ಮೂಲ ಮಾಡಿದರೆಂಬುದನ್ನು ತಮ್ಮ ಓದುಗರಿಗೆ ನೆನಪಿಸಿದರು. ದಂಡೆತ್ತಿ ಹೋಗಿ ಅಭ್ಯಾಸವಾದವರಿಗೆ ದಂಡೆತ್ತಿ ಬಂದಾಗ ಆಗುವ ಅನುಭವವನ್ನು ತೋರಿಸುವುದೇ ಅವರ ಉದ್ದೇಶವಾಗಿತ್ತು. ಎಂಬತ್ತು ವರ್ಷಗಳ ಅನಂತರ ಆಟದ ತೆರೆಗೆ ಬರುವ ವೇಳೆಗೆ ಆ ಜೀವಿಗಳು ನಿಶ್ಶಂಕೆಯಿಂದ ಹೊಡೆಯಬಹುದಾದ ಗುರಿಗಳಾಗಿ ಉಳಿದವು.

ಒಬ್ಬ ಇಂಜಿನಿಯರು ಒಡ್ಡಿದ ಷರತ್ತು

ಝ್ಯಾಕ್‌ನ ತಂದೆಯ ಟಿಪ್ಪಣಿಪುಸ್ತಕದಲ್ಲಿ ನಿಜವಾದ ಸಂಗತಿಯೊಂದು ದಾಖಲಾಗಿದೆ. ಇಡೀ ಕಾದಂಬರಿಗಿಂತ ಅದೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು.

1980ರಲ್ಲಿ ಅಟಾರಿ ಎಂಬ ಅಮೆರಿಕನ್ ಕಂಪೆನಿ ‘ಬ್ಯಾಟಲ್‌ಜೋನ್’ ಎಂಬ ಆಟವನ್ನು ಹೊರತಂದಿತು. ಕಪ್ಪು ತೆರೆಯ ಮೇಲೆ ಹಸಿರು ಗೆರೆಗಳಿಂದ ಬರೆದ ಬಯಲು, ದೂರದಲ್ಲಿ ಬೆಟ್ಟಗಳ ಸಾಲು, ಬಾನಿನಲ್ಲಿ ಚಂದ್ರನ ಕುಡಿ. ಆಟಗಾರ ಜಲಾಂತರ್ಗಾಮಿಯ ದರ್ಶಕದಂಥ ಕಿಂಡಿಗೆ ಕಣ್ಣಿಟ್ಟು, ತಾನೇ ಟ್ಯಾಂಕಿನೊಳಗೆ ಕುಳಿತಂತೆ ಶತ್ರುವನ್ನು ಅರಸುತ್ತ ಹೋಗಬೇಕು. ಇದನ್ನು ರಚಿಸಿದವರು ಎಡ್ ರಾಟ್‌ಬರ್ಗ್. ಆಟ ಜನಪ್ರಿಯವಾಯಿತು. ಕೂಡಲೇ ಕಂಪೆನಿಯ ಬಾಗಿಲಿಗೆ ಸೇನೆಯ ಕಡೆಯವರು ಬಂದರು. ಬ್ರ್ಯಾಡ್ಲಿ ಎಂಬ ಹೊಸ ಯುದ್ಧವಾಹನದ ಬಂದೂಕುಗಾರರಿಗೆ ತರಬೇತಿ ಕೊಡಲು ಈ ಆಟವನ್ನೇ ತಿದ್ದಿ ಕೊಡಬಹುದೇ ಎಂದು ಕೇಳಿದರು.

ರಾಟ್‌ಬರ್ಗರು ಒಪ್ಪಲಿಲ್ಲ. ಸೇನೆಗಾಗಿ ದುಡಿಯುವ ಇಚ್ಛೆ ಇದ್ದಿದ್ದರೆ ಅದಕ್ಕೆ ಬೇಕಾದಷ್ಟು ಕಂಪೆನಿಗಳಿದ್ದವು. ಆ ದಾರಿಯನ್ನು ಬಿಟ್ಟು ಜನ ನಗುನಗುತ್ತ ಆಡುವ ಆಟಗಳನ್ನು ಮಾಡಲು ಅವರು ಇಲ್ಲಿಗೆ ಬಂದಿದ್ದರು. ಆದರೆ ಆ ಯಂತ್ರದ ಒಳಹೊರಗನ್ನು ಅವರಷ್ಟು ಬಲ್ಲವರು ಬೇರೆ ಇರಲಿಲ್ಲ. ಒತ್ತಾಯ ಹೆಚ್ಚಾದಾಗ ಒಂದು ಷರತ್ತು ಹಾಕಿ ಒಪ್ಪಿದರು: ಇದೊಂದೇ ಸಲ, ಇನ್ನೆಂದೂ ಸೇನೆಯ ಕೆಲಸವನ್ನು ತನ್ನ ಮುಂದೆ ತರಕೂಡದು. ಹಗಲಿರುಳೆನ್ನದೆ ಕೆಲವು ತಿಂಗಳು ದುಡಿದು ಯಂತ್ರವನ್ನು ಸಿದ್ಧಮಾಡಿಕೊಟ್ಟರು. ಅದರಲ್ಲಿ ವಾಹನ ಚಲಿಸುವುದಿಲ್ಲ. ಬಂದೂಕಿನ ಗೋಪುರ ಮಾತ್ರ ತಿರುಗುತ್ತದೆ. ಮಿತ್ರ ಯಾರು, ಶತ್ರು ಯಾರು ಎಂದು ಗುರುತಿಸಿ ಹೊಡೆಯಬೇಕು. ಇಂಥ ಯಂತ್ರಗಳು ತಯಾರಾದುದು ಎರಡೇ ಎನ್ನುತ್ತಾರೆ. ಸೇನೆ ಮುಂದೆ ಅದನ್ನು ಬಳಸಲೂ ಇಲ್ಲ. ಅದಕ್ಕೆಂದು ರೂಪಿಸಿದ ಕೈಹಿಡಿಕೆ ಮಾತ್ರ 1983ರ ‘ಸ್ಟಾರ್ ವಾರ್ಸ್’ ಆಟಕ್ಕೆ ಬಂದು, ಹುಡುಗರ ಕೈಯಲ್ಲಿ ಸವೆಯಿತು.

ಅದೇ ಕಂಪೆನಿಯಲ್ಲಿ, ಅದೇ ವರ್ಷ, ಡೇವ್ ಥೂರರ್ ಎಂಬವರು ‘ಮಿಸೈಲ್ ಕಮಾಂಡ್’ ಎಂಬ ಆಟವನ್ನು ಮಾಡುತ್ತಿದ್ದರು. ಆಕಾಶದಿಂದ ಅಣ್ವಸ್ತ್ರಗಳು ಊರುಗಳ ಮೇಲೆ ಬೀಳುತ್ತಿರುತ್ತವೆ; ಆಟಗಾರ ತಡೆಯಬೇಕು. ಎಷ್ಟು ಕಾದಿದರೂ ಕೊನೆಗೆ ಎಲ್ಲ ಊರುಗಳೂ ಸುಟ್ಟುಹೋಗುವುದು ಖಂಡಿತ. ಅದನ್ನು ರಚಿಸುತ್ತಿದ್ದ ಕಾಲದಲ್ಲಿ ಥೂರರರಿಗೆ ಅಣುಯುದ್ಧದ ದುಃಸ್ವಪ್ನಗಳು ಬಿದ್ದು ಬೆವೆತು ಏಳುವಂತಾಗುತ್ತಿತ್ತು. ಎಲ್ಲ ಆಟಗಳೂ ಮುಗಿದಾಗ ‘ಆಟ ಮುಗಿಯಿತು’ ಎಂದು ತೋರಿಸಿದರೆ, ಇವರ ತೆರೆಯ ಮೇಲೆ ಮೂಡುತ್ತಿದ್ದುದು ‘ಅಂತ್ಯ’ ಎಂಬ ಮಾತು.

ತೆರೆಯ ಆಚೆ ಯಾರು?

ಇಂದಿಗೆ ಈ ಕಥೆಗಳಲ್ಲಿ ಕಲ್ಪನೆ ಎಷ್ಟು ಉಳಿದಿದೆ? 2002ರಲ್ಲಿ ಅಮೆರಿಕದ ಸೇನೆ ಯುವಕರನ್ನು ಸೆಳೆಯಲು ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ತಾನೇ ತಯಾರಿಸಿ ಉಚಿತವಾಗಿ ಹಂಚಿತು; 2022ರವರೆಗೆ ಅದು ನಡೆಯಿತು. 2018ರಲ್ಲಿ ನೌಕಾಸೇನೆಗೆ ಸೇರಿದ ‘ಕೊಲರಾಡೊ’ ಎಂಬ ಜಲಾಂತರ್ಗಾಮಿಯಲ್ಲಿ ದರ್ಶಕದ ಕಂಬವನ್ನು ತಿರುಗಿಸಲು ಅಳವಡಿಸಿದುದು ಮಕ್ಕಳ ಎಕ್ಸ್‌ಬಾಕ್ಸ್ ಆಟದ ಕೈಪಿಡಿಯನ್ನು! ನೂತನ ನಾವಿಕರಿಗೆ ಅದನ್ನು ಬೇರೆ ಕಲಿಸಬೇಕಾಗಿಲ್ಲ. ಮನೆಯಲ್ಲೇ ಕಲಿತು ಬಂದಿರುತ್ತಾರೆ.

ನೆವಾಡಾದ ಮರುಭೂಮಿಯ ವಾಯುನೆಲೆಯಲ್ಲಿ ಕುಳಿತವರು ಸಾವಿರಾರು ಮೈಲಿ ಆಚೆಯ ಆಕಾಶದಲ್ಲಿ ಡ್ರೋನುಗಳನ್ನು ನಡೆಸಿ, ಗುಂಡು ಹಾರಿಸಿ, ಸಂಜೆ ಕಾರಿನಲ್ಲಿ ಮನೆಗೆ ಹೋಗಿ ಮಕ್ಕಳೊಡನೆ ಊಟಕ್ಕೆ ಕುಳಿತ ದಿನಗಳುಂಟು. ದೂರ ಕುಳಿತವನಿಗೆ ಯುದ್ಧದ ಬಿಸಿ ತಟ್ಟದೆಂದು ಭಾವಿಸಿದವರಿಗೆ 2013ರಲ್ಲಿ ಅಮೆರಿಕದ ಸೇನಾ ವೈದ್ಯರ ಅಧ್ಯಯನವೊಂದು ಬೇರೆಯೇ ಸಂಗತಿ ಹೇಳಿತು: ಇಂಥ ಚಾಲಕರಲ್ಲಿ ಕಂಡ ಮನೋವ್ಯಾಧಿಗಳ ಪ್ರಮಾಣ, ರಣರಂಗದ ಮೇಲೆ ವಿಮಾನದಲ್ಲಿ ಹಾರಿಬಂದವರಲ್ಲಿ ಕಂಡಷ್ಟೇ ಇತ್ತು. 2022ರಲ್ಲಿ ರಷ್ಯವು ಪೂರ್ಣಪ್ರಮಾಣದಲ್ಲಿ ದಾಳಿಯಿಟ್ಟ ಬಳಿಕ ಉಕ್ರೇನಿನಲ್ಲಿ ಕಣ್ಣಿಗೆ ಕನ್ನಡಕದಂಥ ತೆರೆ ಕಟ್ಟಿಕೊಂಡು, ಕೈಯಲ್ಲಿ ಆಟದ ಕೈಪಿಡಿಯಂಥದನ್ನು ಹಿಡಿದು ಡ್ರೋನುಗಳನ್ನು ಶತ್ರುವಿನ ಮೇಲೆ ಬಿಡುವ ಯುವಕರ ಪಡೆಗಳೇ ಎದ್ದವು. ಗುರಿ ತಾಗಿದುದಕ್ಕೆ ಚಿತ್ರದ ಸಾಕ್ಷ್ಯ ಒದಗಿಸಿದ ದಳಕ್ಕೆ ಅಂಕಗಳು. ಅಂಕಗಳಿಗೆ ಬದಲಾಗಿ ಹೊಸ ಡ್ರೋನುಗಳು. ತಮ್ಮ ನೆಲವನ್ನು ಉಳಿಸಿಕೊಳ್ಳಲು ಹೋರಾಡುವವರನ್ನು ಇಲ್ಲಿ ಕುಳಿತು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಆದರೆ ತೆರೆಯ ಚಿತ್ರ ಕಳಿಸಿ ಬಟ್ಟೆಯ ಬಿಲ್ಲೆ ಪಡೆಯುತ್ತಿದ್ದ ಆ ಹುಡುಗರ ನೆನಪು ಮನಸ್ಸಿಗೆ ಬಾರದಿರುವುದಿಲ್ಲ.

ಮತ್ತೆ ಕ್ಲೈನರ ಪುಸ್ತಕಕ್ಕೆ ಬರೋಣ. ಅದರ ದೋಷಗಳು ಹಲವು. ಹಳೆಯ ಚಲನಚಿತ್ರಗಳ, ಹಾಡುಗಳ, ಆಟಗಳ ಹೆಸರುಗಳು ಪ್ರತಿ ಪುಟದಲ್ಲೂ ಸಾಸಿವೆಯಂತೆ ಸಿಡಿಯುತ್ತವೆ. 1980ರ ದಶಕದ ಅಮೆರಿಕವನ್ನು ಬಲ್ಲದವನಿಗೆ ಅರ್ಧ ವಿನೋದ ಕೈತಪ್ಪುತ್ತದೆ. ಕಾಳಗದ ವರ್ಣನೆಗಳು ದೀರ್ಘವಾದುವು. ಬೇರೆಯವರು ಆಡುವ ಆಟವನ್ನು ಬೆನ್ನ ಹಿಂದೆ ನಿಂತು ನೋಡಿದಂತಾಗುತ್ತದೆ. ನಾಯಕಿಯೆಂದು ಬಂದ ಲೆಕ್ಸ್ ಎಂಬ ಚುರುಕು ಹುಡುಗಿಗೆ ಮಾಡಲು ಕೆಲಸವೇ ಸಾಲದು.

ಹಾಗಿದ್ದರೂ ಕೊನೆಯ ಭಾಗದಲ್ಲಿ ಒಂದು ತಿರುವಿದೆ. (ಪುಸ್ತಕವನ್ನು ತಾವೇ ಓದಬೇಕೆಂದಿರುವವರು ಈ ಪರಿಚ್ಛೇದವನ್ನು ದಾಟಿ ಹೋಗಬಹುದು.) ಶತ್ರುವಿನ ನಡವಳಿಕೆ ವಿಚಿತ್ರವಾಗಿದೆಯೆಂದು ಜೇವಿಯರ್ ಬಹುಕಾಲದಿಂದ ಗಮನಿಸಿದ್ದಾನೆ. ಮೊದಲ ದಿನವೇ ಭೂಮಿಯನ್ನು ನುಂಗಬಲ್ಲವರು ಇಷ್ಟು ವರ್ಷ ಕಾದುದೇಕೆ? ತಮ್ಮ ಯಂತ್ರವಿದ್ಯೆಯನ್ನು ನಮ್ಮ ಕೈಗೆ ಬೀಳಲು ಬಿಟ್ಟುದೇಕೆ? ಸೇನೆಯ ಹಿರಿಯರು ಯೂರೋಪವನ್ನು ಸಿಡಿಸುವ ಆಯುಧವನ್ನು ಕಳಿಸಿದಾಗ, ತಂದೆ ಮಗ ಸೇರಿ ತಮ್ಮವರದೇ ಆಯುಧವನ್ನು ತಡೆಯಲು ಹೊರಡುತ್ತಾರೆ. ತಂದೆ ಪ್ರಾಣ ತೆರುತ್ತಾನೆ. ಆಗ ತಿಳಿಯುತ್ತದೆ, ಯೂರೋಪದಲ್ಲಿ ಯಾವ ಜೀವಿಯೂ ಇರಲಿಲ್ಲ. ಇದ್ದುದು ಒಂದು ಯಂತ್ರ, ನಡೆದುದು ಒಂದು ಪರೀಕ್ಷೆ. ನಾಗರಿಕ ಲೋಕಗಳ ಸಂಘವೊಂದು ಮಾನವಕುಲದ ಸ್ವಭಾವವನ್ನು ಒರೆಗಲ್ಲಿಗೆ ಹಚ್ಚಿತ್ತು. ಎಂಡರ್ ಕೊಂದು ಪರೀಕ್ಷೆ ಗೆದ್ದ. ಝ್ಯಾಕ್ ಕೊಲ್ಲಲೊಲ್ಲದೆ ಗೆದ್ದ. ಆದರೆ ಪರೀಕ್ಷೆಯ ಹೆಸರಿನಲ್ಲಿ ಅಷ್ಟು ಜನರನ್ನು ಕೊಂದ ಪರೀಕ್ಷಕರು ಎಂಥವರು ಎಂಬ ಪ್ರಶ್ನೆ ಆ ಹುಡುಗನನ್ನು ಬಿಡುವುದಿಲ್ಲ. ಎರಡನೆಯ ಸಲ ವಿಧವೆಯಾದ ಅವನ ತಾಯಿಯಂತೂ ಯಾವ ಪರೀಕ್ಷೆಗೂ ಅರ್ಜಿ ಹಾಕಿದವಳಲ್ಲ.

ನಿಜವಾದ ಯೂರೋಪ ಇನ್ನೂ ತನ್ನ ಗುಟ್ಟನ್ನು ಬಿಟ್ಟುಕೊಟ್ಟಿಲ್ಲ. 1610ರಲ್ಲಿ ಗೆಲಿಲಿಯೊ ದೂರದರ್ಶಕದಲ್ಲಿ ಕಂಡ ನಾಲ್ಕು ಉಪಗ್ರಹಗಳಲ್ಲಿ ಅದೊಂದು. ನಮ್ಮ ಚಂದ್ರನಿಗಿಂತ ತುಸು ಚಿಕ್ಕದು. ಮೇಲೆ ಬಿರುಕುಬಿಟ್ಟ ಹಿಮದ ಹೊದಿಕೆ. ಅದರಡಿಯಲ್ಲಿ ಭೂಮಿಯ ಎಲ್ಲ ಸಮುದ್ರಗಳಿಗಿಂತ ಹೆಚ್ಚು ಉಪ್ಪುನೀರು ಇದೆಯೆಂದು ವಿಜ್ಞಾನಿಗಳ ಅಂದಾಜು. ಅಲ್ಲಿಯ ಪರಿಸ್ಥಿತಿ ಜೀವಕ್ಕೆ ಅನುಕೂಲವೇ ಎಂದು ನೋಡಿಬರಲು ‘ಯೂರೋಪ ಕ್ಲಿಪ್ಪರ್’ ಎಂಬ ನೌಕೆ 2024ರ ಅಕ್ಟೋಬರ್ 14ರಂದು ಫ್ಲಾರಿಡದಿಂದ ಹೊರಟಿತು. ಗುರುವಿನ ಬಳಿ ತಲಪುವುದು 2030ರ ಏಪ್ರಿಲಿನಲ್ಲಿ. ಅದರಲ್ಲಿ ಆಯುಧವಿಲ್ಲ. ಕ್ಯಾಮೆರಾಗಳು, ಹಿಮದ ಆಳವನ್ನು ಅಳೆಯುವ ರೇಡಾರು, ಇತರ ಉಪಕರಣಗಳು, ಲೋಹದ ಫಲಕವೊಂದರ ಮೇಲೆ ಕವಯಿತ್ರಿಯ ಕೈಬರಹದಲ್ಲೇ ಕೆತ್ತಿದ ಒಂದು ಕವಿತೆ, ಜೊತೆಗೆ, ತಾವಾಗಿಯೇ ಬರೆದು ಕಳಿಸಿದ 26 ಲಕ್ಷ ಜನರ ಹೆಸರುಗಳು.